ಸೈಡ್‌ವೀಲ್ ಗಾಡಿಗೆ ಕ್ಯಾಂಪಸ್ಸಿನಲ್ಲಿ ಜಾಗ: ಅಳತೆ, ಖರ್ಚು, ಎಡವಟ್ಟು

ಗ್ರಂಥಾಲಯದ ಮುಂದೆ ಈಗ ದಿನಾ ಒಂದು ಕಾರು, ಎರಡು ಸೈಡ್‌ವೀಲ್ ಸ್ಕೂಟರು (ವಿಕಲಚೇತನರಿಗಾಗಿ ಹಿಂದಿನ ಚಕ್ರದ ಎರಡೂ ಪಕ್ಕ ಒಂದೊಂದು ಚಕ್ರ ಸೇರಿಸಿದ್ದು) ನಿಲ್ಲುತ್ತವೆ. ಎರಡು ಸೆಮಿಸ್ಟರ್ ಕಳೆದರೂ ಜಾಗ ಕೈಬಿಟ್ಟಿಲ್ಲ. "ಹದಿನೈದು ದಿನ ನೋಡಿ, ಆಮೇಲೆ ಬೈಕಿನವರದ್ದೇ" ಎಂದಿದ್ದ ಇಂಜಿನಿಯರಿಂಗ್ ಶಾಖೆಯವರೇ ಆಡಳಿತ ಭವನಕ್ಕೂ ಇದೇ ನಕ್ಷೆ ಒಯ್ದಿದ್ದಾರೆ. ಬೇರೆ ಕಡೆಯ ಸಮಾನ ಅವಕಾಶ ಘಟಕದವರಿಗೆ ಉಪಯೋಗವಾಗಲಿ ಎಂದು ಬರೆದಿದ್ದೇನೆ. ಲೆಕ್ಕವೆಲ್ಲ ನೆನಪಿನಿಂದ, ಸಾವಿರ ಆಚೀಚೆ ಇರಬಹುದು.

ಮೊದಲು ಇದ್ದದ್ದು ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಶ್ರೇಣಿ ಕೊಡುವ ಸಂಸ್ಥೆ) ಕೇಳುವ 7.1.7ರ, ಅಂದರೆ ವಿಕಲಚೇತನ ಸ್ನೇಹಿ ಕ್ಯಾಂಪಸ್ಸಿನ ಅಂಶದ, ಫೋಟೊಗೆಂದು ಬಳಿದ ಎರಡು ಕಾರಿನ ಸ್ಲಾಟು. ತಲಾ 3.6 ಮೀಟರ್ ಅಗಲ, 5 ಮೀಟರ್ ಉದ್ದ, ಬಾಗಿಲಿಗೆ 30 ಮೀಟರ್ ಒಳಗೆ. ಅಳತೆಯಲ್ಲಿ ತಪ್ಪಿಲ್ಲ. ಆದರೆ ಕಾರಿನಲ್ಲಿ ಬರುವವರು ಒಬ್ಬರೇ ಅಧ್ಯಾಪಕರು. ಹುಡುಗರು ಬರುವುದು ವಿಕಲಚೇತನರ ಇಲಾಖೆ ಕೊಟ್ಟ ಸ್ಕೂಟರಿನಲ್ಲಿ. ಅದರ ಅಗಲ ಸುಮಾರು ಮೂರೂವರೆ ಅಡಿ; ಬೈಕ್ ಸ್ಟ್ಯಾಂಡಿನ ಸಾಲಿಗೆ ನುಗ್ಗುವುದಿಲ್ಲ, ಕಾರಿನ ಸ್ಲಾಟಿಗೆ ಹೋದರೆ ಸೆಕ್ಯುರಿಟಿ ಬಿಡುವುದಿಲ್ಲ.

ಇದ್ದ 7.2 ಮೀಟರನ್ನೇ ಹೀಗೆ ಹಂಚಿದೆವು. ರಸ್ತೆಯಿಂದ ನೋಡಿದರೆ ಎಡಗಡೆಯಿಂದ ಕಾರಿಗೆ 2.4, ಇಳಿಯುವ ಪಟ್ಟಿ (ಗಾಡಿಯಿಂದ ಇಳಿದು ಓಡಾಡಲು ಖಾಲಿ ಬಿಟ್ಟ ಜಾಗ) 1.2, ಸ್ಕೂಟರಿಗೆ 1.2, ಮತ್ತೆ ಇಳಿಯುವ ಪಟ್ಟಿ 1.2, ಕೊನೆಗೆ ಇನ್ನೊಂದು ಸ್ಕೂಟರಿಗೆ 1.2. ಕಾರು ಮೂತಿ ಒಳಗೆ ಮಾಡಿ ನಿಂತಾಗ ಚಾಲಕರ ಬಾಗಿಲು ಬಲಕ್ಕೆ ಬರುತ್ತದೆ, ಪಟ್ಟಿಯೂ ಅಲ್ಲೇ ಇರಬೇಕು. ಕಾರನ್ನು ಬಲತುದಿಗೆ ಹಾಕಿದರೆ ಬಾಗಿಲು ಗೋಡೆಗೆ ಬಡಿಯುತ್ತದೆ. ಬೇರೆಲ್ಲೋ ಹೀಗೇ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

5 ಮೀಟರ್ ಉದ್ದವಿದೆ, ಒಂದರ ಹಿಂದೆ ಒಂದು ಅಂತ ನಾಲ್ಕು ಸ್ಕೂಟರು ಹಿಡಿಸೋಣ ಎಂದು ಆಸೆಬಿದ್ದು ಮೊದಲ ವಾರವೇ ಕೆಟ್ಟೆವು. ಈ ಗಾಡಿಗಳಲ್ಲಿ ಬಹುತೇಕಕ್ಕೆ ರಿವರ್ಸ್ ಇಲ್ಲ, ಕಾಲೂರಿ ಹಿಂದಕ್ಕೆ ತಳ್ಳುವ ಹಾಗೂ ಇಲ್ಲ. ಹಿಂದೆ ಇನ್ನೊಂದು ಗಾಡಿ ನಿಂತರೆ ಮುಂದಿನವರು ಅಲ್ಲೇ ಬಂದಿ. ಸಾಲಿಗೊಂದೇ ಗಾಡಿ ಎಂದು ಮಾಡಿ, ಕಟ್ಟಡದ ಬದಿಯ ಕರ್ಬ್ ಕಲ್ಲು ಕೀಳಿಸಿದೆವು. ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ. ಆ ಹೊರದಾರಿಗೆ 2 ಮೀಟರ್ ಬಿಟ್ಟಿದ್ದೆವು, ಸಾಲಲಿಲ್ಲ. ಸೈಡ್‌ವೀಲ್ ಗಾಡಿ ತಿರುವಿನಲ್ಲಿ ವಾಲುವುದಿಲ್ಲ, ಅಗಲವಾಗಿ ಸುತ್ತುತ್ತದೆ. ಎರಡೂವರೆಗೆ ಏರಿಸಿದ ಮೇಲೆ ಸರಾಗ.

ಎಲ್ಲಕ್ಕಿಂತ ಕಾಡಿದ್ದು ನೆಲ. ಕಾರಿಗೆ ನಡೆಯುವ ನೆಲ ಈ ಗಾಡಿಗೆ ನಡೆಯುವುದಿಲ್ಲ. ನಮ್ಮಲ್ಲಿ ಸ್ಲಾಟಿನ ಮಧ್ಯೆ ಮಳೆನೀರು ಹರಿಯಲೆಂದು ತಟ್ಟೆಯಂತೆ ತಗ್ಗು ಮಾಡಿದ್ದರು. ಎರಡು ಪಕ್ಕದ ಚಕ್ರ ದಿಣ್ಣೆಯ ಮೇಲೆ ಕೂತರೆ ನಡುವಿನ ಚಕ್ರ ತಗ್ಗಿನಲ್ಲಿ ತೇಲುತ್ತದೆ. ಇಂಜಿನ್ ತಿರುಗಿಸುವುದು ಆ ನಡುವಿನ ಚಕ್ರವನ್ನೇ. ಎಕ್ಸಲೇಟರ್ ಕೊಟ್ಟಷ್ಟೂ ಅದು ಗರಗರ ತಿರುಗುತ್ತದೆ, ಗಾಡಿ ಕದಲುವುದಿಲ್ಲ. ಎರಡು ಬೆರಳಿನ ತಗ್ಗು ಸಾಕು ಈ ಆಟಕ್ಕೆ. ಜೊತೆಗೆ ಸೆಂಟರ್ ಸ್ಟ್ಯಾಂಡ್ ಹಾಕಲಾಗದ್ದರಿಂದ ಇಳಿಜಾರಿನಲ್ಲಿ ಬ್ರೇಕ್ ಕ್ಲಿಪ್ ಒಂದೇ ಗತಿ, ಅದು ಸಡಿಲವಾದರೆ ಗಾಡಿ ತಾನೇ ಹೊರಡುತ್ತದೆ. ಇಳಿಜಾರು 1:50 ದಾಟಬಾರದು, ಅಂದರೆ ಮೀಟರಿಗೆ 2 ಸೆಂ.ಮೀ. ಟ್ಯೂಬ್ ಲೆವೆಲ್ ಹಿಡಿದು ನೋಡಿದರೆ 5 ಮೀಟರಿಗೆ 20 ಸೆಂ.ಮೀ. ಹತ್ತಿರ ಇಳಿದಿತ್ತು.

ಮೇಸ್ತ್ರಿ ತಗ್ಗಿನ ಕಡೆ ಕಾಂಕ್ರೀಟು ತುಂಬಿ ಎತ್ತರದ ಕಡೆಗೆ ಸೊನ್ನೆಗೆ ಇಳಿಸಿದ. ಆ ತೆಳು ಅಂಚು ಒಂದೇ ತಿಂಗಳಲ್ಲಿ ಹಪ್ಪಳದಂತೆ ಎದ್ದಿತು. ಎರಡನೇ ಸಲ ಎತ್ತರದ ಕಡೆ ಹಳೆ ನೆಲವನ್ನೇ ನಾಲ್ಕು ಇಂಚು ಅಗೆಸಿ, ಎಲ್ಲೆಡೆ ಕನಿಷ್ಠ 10 ಸೆಂ.ಮೀ. ದಪ್ಪ ಬರುವಂತೆ ಎಂ20 ದರ್ಜೆಯ ಕಾಂಕ್ರೀಟು ಹಾಕಿಸಿದೆವು. ಮೂರೂವರೆ ಘನ ಮೀಟರ್ ಮೇಲೆ ಹಿಡಿಯಿತು. ಮೇಲ್ಮೈಗೆ ಪೊರಕೆ ಗೆರೆ. ನಯ ಮಾಡಿಸಿದರೆ ಮಳೆಯಲ್ಲಿ ಊರುಗೋಲು ಜಾರುತ್ತದೆ. ಬಣ್ಣಕ್ಕೆ ಅವಸರ ಮಾಡಿ ಐದನೇ ದಿನ ಬಳಿದದ್ದು ಪೂರ್ತಿ ಸಿಪ್ಪೆ ಬಿಟ್ಟಿತು. ಒಂದು ತಿಂಗಳು ಕಾಯಿರಿ. ನೀಲಿ ಚೌಕದಲ್ಲಿ ಬಿಳಿ ವೀಲ್‌ಚೇರಿನ ಗುರುತು, ಒಂದು ಮೀಟರಿಗೆ ಕಡಿಮೆ ಬೇಡ, ಒಂದೂವರೆ ದಾಟುವುದೂ ಬೇಡ.

ಇಂಜಿನಿಯರಿಂಗ್ ಶಾಖೆಯವರ ಮೊದಲ ಎಸ್ಟಿಮೇಟು ಆರೂವರೆ ಲಕ್ಷ: ಶೀಟಿನ ಶೆಡ್ಡು, ಇಂಟರ್‌ಲಾಕ್ ಇಟ್ಟಿಗೆಯ ನೆಲ, ಗ್ರಾನೈಟ್ ಫಲಕ. ಇಂಟರ್‌ಲಾಕ್ ಅಂತೂ ಬೇಡವೇ ಬೇಡ, ಸಂದು ಬಿಟ್ಟರೆ ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ ಸಿಕ್ಕಿಕೊಳ್ಳುತ್ತದೆ. ನಮಗೆ ಕೆಟ್ಟ ಕಾಂಕ್ರೀಟಿನ ದಂಡವೂ ಸೇರಿ ಒಂದು ಲಕ್ಷ ಹತ್ತು ಸಾವಿರದ ಆಸುಪಾಸು ಆಯಿತು. ವಾರ್ಷಿಕ ನಿರ್ವಹಣೆಯ ಬಾಬ್ತಿನಲ್ಲೇ ಮುಗಿಯಿತು. ಹಣಕಾಸು ಶಾಖೆ ದಾಟಿಸಿದ ಟಿಪ್ಪಣಿಯ ಒಕ್ಕಣೆ ಮಾತ್ರ ನನ್ನ ಹತ್ತಿರವೇ ಇರಲಿ.

ಕಡತದ ವಿಷಯ ಬಂದಿದ್ದಕ್ಕೆ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಸೆಕ್ಷನ್ 16 (ಶಿಕ್ಷಣ ಸಂಸ್ಥೆಗಳ ಕರ್ತವ್ಯ) ಬರೆದು ಕೊಟ್ಟ ಅರ್ಜಿ "ಅನುದಾನ ಲಭ್ಯವಿಲ್ಲ" ಎಂದು ವಾಪಸು ಬಂತು. ಕೆಲಸ ಮಾಡಿದ್ದು ಸೆಕ್ಷನ್ 23. ಕುಂದುಕೊರತೆ ಅಧಿಕಾರಿಯ ರಿಜಿಸ್ಟರಿನಲ್ಲಿ ದೂರು ದಾಖಲಾದ ಎರಡು ವಾರದೊಳಗೆ ವಿಚಾರಿಸಬೇಕು, ತೆಗೆದುಕೊಂಡ ಕ್ರಮ ತೃಪ್ತಿಯಾಗದಿದ್ದರೆ ವಿಕಲಚೇತನರ ಜಿಲ್ಲಾ ಸಮಿತಿಗೆ ಹೋಗಬಹುದು. ದಾಖಲಾತಿ ಸಂಖ್ಯೆ ಬರೆಸಿಕೊಳ್ಳದೆ ಕುರ್ಚಿ ಬಿಟ್ಟೇಳಬೇಡಿ, ಎರಡು ವಾರ ಶುರುವಾಗುವುದೇ ಆ ಸಂಖ್ಯೆಯಿಂದ. "ಮಾರ್ಗಸೂಚಿ ಬರೀ ಸೂಚಿ" ಎನ್ನುವವರಿಗೆ 2024ರ ನವೆಂಬರ್ 8ರ ರಾಜೀವ್ ರತೂರಿ ತೀರ್ಪಿನ ಪ್ರತಿ ಲಗತ್ತಿಸಿ. 2017ರ ನಿಯಮಗಳ 15(1) ಕಾಯ್ದೆಗೆ ವಿರುದ್ಧ, ಮಾನದಂಡ ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ.

ಬೈಕಿನವರನ್ನು ತಡೆಯಲು ಮೊದಲು ಸರಪಳಿ ಹಾಕಿದೆವು. ಕೀಲಿ ಸೆಕ್ಯುರಿಟಿ ಕೈಲಿ, ಸೆಕ್ಯುರಿಟಿ ಟೀ ಅಂಗಡಿಯಲ್ಲಿ, ಸ್ಕೂಟರಿನವರು ಹಾರನ್ ಹೊಡೆಯುತ್ತಾ ಬಿಸಿಲಲ್ಲಿ. ಆಮೇಲೆ ಕೋನ್ ಇಟ್ಟೆವು. ಮೂರೇ ದಿನಕ್ಕೆ ಆಟದ ಮೈದಾನ ಸೇರಿದವು. ಅಸಲಿಗೆ ಬೈಕಿನವರು ಬರುತ್ತಿದ್ದುದು ಮರದ ನೆರಳಿಗೆ. ಎದುರಿಗೆ ಹದಿನೈದು ಮೀಟರ್ ದೂರದಲ್ಲಿ ಇನ್ನೊಂದು ಹೊಂಗೆ ಮರದಡಿ ಗಿಡಗಂಟಿ ಸವರಿಸಿ ನಲವತ್ತು ಬೈಕಿಗೆ ಗೆರೆ ಎಳೆಸಿದ್ದೇ ಅರ್ಧ ತಂಟೆ ತೀರಿತು. ಇಳಿಯುವ ಪಟ್ಟಿಯ ರಸ್ತೆ ಕಡೆಯ ಬಾಯಿಗೆ ನಟ್ಟನಡುವೆ ಒಂದು ಬಾಗುವ ಪ್ಲಾಸ್ಟಿಕ್ ಕಂಬ: ಎರಡೂ ಪಕ್ಕ 60 ಸೆಂ.ಮೀ.ಗಿಂತ ತುಸು ಕಡಿಮೆ ಉಳಿಯುತ್ತದೆ, ಬೈಕಿನ ಹ್ಯಾಂಡಲ್ ತೂರುವುದಿಲ್ಲ. ವೀಲ್‌ಚೇರು ಹೇಗೂ ಕಟ್ಟಡದ ಕಡೆಯಿಂದ ಬರುತ್ತದೆ. ಸ್ಕೂಟರಿನ ಸ್ಲಾಟಿಗೆ ಬೈಕು ಬಾರದಂತೆ ಮಾಡಿದ ಉಪಾಯವನ್ನು ಇಲ್ಲಿ ಬರೆದರೆ ನಾಳೆಯೇ ಯಾರಾದರೂ ದಾಟುವ ದಾರಿ ಹುಡುಕುತ್ತಾರೆ. ಬಂದು ನೋಡಿ.

ಇಲ್ಲಿ ನಿಲ್ಲಿಸಲು ಸ್ಟಿಕರ್ ಕೊಡುವಾಗ ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರ ಗುರುತಿನ ಚೀಟಿ) ವೈಕಲ್ಯದ ಶೇಕಡ ತೋರಿಸುವ ಹಳದಿ ಪಟ್ಟಿ, ನೀಲಿ ಪಟ್ಟಿ ನೋಡಿ ಹಂಚಬೇಡಿ. ಕಿವಿ ಕೇಳದ 80 ಶೇಕಡದವರಿಗೆ ಬೇಡದ ಜಾಗ, ಪೋಲಿಯೊದ 50 ಶೇಕಡದವರಿಗೆ ಬೇಕು. "ಗಾಡಿಯಿಂದ ಬಾಗಿಲವರೆಗೆ ಹೇಗೆ ಹೋಗ್ತೀರಿ?" ಅಂತ ಕೇಳಿದರೆ ಸಾಕು.

ಪಕ್ಕದಲ್ಲೇ ಇನ್ನೊಂದು ಪ್ರಯೋಗ ನಡೆದಿದೆ. ಊರುಗೋಲಿನಲ್ಲಿ ಬಂದು ಒಳಗೆ ವೀಲ್‌ಚೇರು ಬಳಸುವವರಿಗಾಗಿ ಫಲಕದ ಕಂಬಕ್ಕೆ ಒಂದು ವೀಲ್‌ಚೇರು, ನಂಬರ್ ಲಾಕಿನ ಕೇಬಲ್ಲು. ಲಾಕು ನೆಲದ ಹತ್ತಿರ ಇಟ್ಟು ಒಮ್ಮೆ ಬೈಸಿಕೊಂಡೆವು, ಈಗ ಸೊಂಟದ ಎತ್ತರಕ್ಕೆ ತಂದಿದ್ದೇವೆ. ಮಳೆಗಾಲಕ್ಕೆ ಹೊದಿಕೆ ಇನ್ನೂ ಆಗಬೇಕು.

ಬಗೆಹರಿಯದ್ದು ಹಿಂದಿನ ಗೇಟು. ಅಲ್ಲಿನ ಕಂಬಗಳ ನಡುವೆ 90 ಸೆಂ.ಮೀ. ಮಾತ್ರ ಇದೆ. ಅಗಲಿಸಿದರೆ ಊರ ಬೈಕುಗಳೆಲ್ಲ ಒಳಗೆ, ಬಿಟ್ಟರೆ ಸೈಡ್‌ವೀಲಿನವರು ಮುಖ್ಯ ಗೇಟಿನಿಂದ ಒಂದೂವರೆ ಕಿಲೋಮೀಟರ್ ಸುತ್ತಬೇಕು. ಸದ್ಯಕ್ಕೆ ಸುತ್ತುತ್ತಿದ್ದಾರೆ.