‘ಗಿವ್ ಇಟ್ ಬ್ಯಾಕ್ ಟು ಮಿ’: ಐದು ಪದಗಳ ವಾಕ್ಯದಿಂದ ಪಾಠ ಶುರು

‘ನಂಗೆ ವಾಪಸ್ ಕೊಡು.’ ಪೆನ್ನು ಕಿತ್ತುಕೊಂಡವನಿಗೆ ಮಕ್ಕಳು ಹೇಳುವುದು ಇಷ್ಟೇ. ಇದನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರೆ ‘ಗಿವ್ ಬ್ಯಾಕ್ ಮಿ’ ಎನ್ನುತ್ತಾರೆ. ಆಗಬೇಕಾದ್ದು ‘ಗಿವ್ ಇಟ್ ಬ್ಯಾಕ್ ಟು ಮಿ’. ಇಲ್ಲಿ ಇಟ್ ಸರ್ವನಾಮ, ಬ್ಯಾಕ್ ಕ್ರಿಯಾವಿಶೇಷಣ, ಟು ಪ್ರಿಪೊಸಿಷನ್, ಮಿ ಮತ್ತೆ ಸರ್ವನಾಮ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಪಾಠ ಶುರು ಮಾಡುವುದೇ ಈ ವಾಕ್ಯದಿಂದ. ಸರ್ವನಾಮಕ್ಕೊಂದು ವಾರ, ಪ್ರಿಪೊಸಿಷನ್ನಿಗೊಂದು ವಾರ ಎಂದು ಬಿಡಿಬಿಡಿಯಾಗಿ ಕಲಿಸಿದರೆ ಪಟ್ಟಿ ಬಾಯಿಪಾಠ ಬರುತ್ತದೆ, ವಾಕ್ಯ ಬರುವುದಿಲ್ಲ. ತಪ್ಪು ಹುಟ್ಟುವುದು ಅವು ಒಂದಕ್ಕೊಂದು ಸೇರುವ ಜಾಗದಲ್ಲಿ.

ಮೊದಲ ಕೊರತೆ ‘ಇಟ್’ನದ್ದು. ಕನ್ನಡದಲ್ಲಿ ಏನನ್ನು ಕೊಡಬೇಕು ಎಂಬುದು ಎದುರಿಗಿದ್ದರೆ ‘ಅದನ್ನು’ ಎನ್ನುವ ಅಗತ್ಯವಿಲ್ಲ. ‘ಬಂದೆ’ ಎಂದರೆ ‘ನಾನು’ ಅದರೊಳಗೇ ಇದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕವೋ ಮಾತಾಡುವ ಮಕ್ಕಳಿಗೂ ಇದೇ ರೂಢಿ. ಮಲಯಾಳದ ಕ್ರಿಯಾಪದದಲ್ಲಿ ‘ನಾನು, ನೀನು’ ಎಂಬ ಗುರುತು ಇಲ್ಲದಿದ್ದರೂ ಅಲ್ಲಿಯೂ ಸರ್ವನಾಮವನ್ನು ಸಲೀಸಾಗಿ ಬಿಡುತ್ತಾರೆ. ಹಾಗಾಗಿ ‘ಕೆಪ್ಟ್ ಆನ್ ದ ಟೇಬಲ್’ ಎಂದು ಹೇಳಿದ ಮಗುವಿಗೆ ತಾನು ಏನನ್ನೋ ಬಿಟ್ಟೆ ಅನ್ನಿಸುವುದೇ ಇಲ್ಲ. ‘ಯಾರು? ಏನನ್ನು?’ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ವಾಕ್ಯಕ್ಕೂ ಕೇಳಿಸುತ್ತೇನೆ. ಉತ್ತರ ಬರೆದ ಮೇಲೆ ‘ಐ ಕೆಪ್ಟ್ ಇಟ್ ಆನ್ ದ ಟೇಬಲ್’ ತಾನಾಗಿ ಮೂಡುತ್ತದೆ.

ಪ್ರಿಪೊಸಿಷನ್ನಿಗೂ ಕ್ರಿಯಾವಿಶೇಷಣಕ್ಕೂ ವ್ಯತ್ಯಾಸ ಹೇಳಲು ವ್ಯಾಖ್ಯೆ ಬೇಡ, ‘ಒಳಗೆ’ ಎಂಬ ಪದ ಸಾಕು. ‘ಒಳಗೆ ಬಾ’ ಎಂಬಲ್ಲಿ ಅದು ಒಂಟಿಯಾಗಿ ನಿಂತಿದೆ. ‘ಮನೆಯ ಒಳಗೆ ಬಾ’ ಎಂಬಲ್ಲಿ ಮನೆಗೆ ಅಂಟಿಕೊಂಡಿದೆ. ತುಳುವಿನ ‘ಉಲಾಯಿ ಬಲೆ’ಯೂ ಹಾಗೆಯೇ. ಒಂಟಿಯಾದದ್ದು ಕ್ರಿಯಾವಿಶೇಷಣ: ‘ಕಮ್ ಇನ್’. ನಾಮಪದವನ್ನು ಹಿಡಿದುಕೊಂಡದ್ದು ಪ್ರಿಪೊಸಿಷನ್: ‘ಕಮ್ ಇಂಟು ದ ಹೌಸ್’. ನಮ್ಮದು ನಾಮಪದ ಆದ ಮೇಲೆ ಬರುತ್ತದೆ, ಅವರದ್ದು ನಾಮಪದಕ್ಕೆ ಮೊದಲು. ಈ ಭೇದ ಮಕ್ಕಳಿಗೆ ಮೊದಲೇ ಗೊತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ.

ಇನ್ನು ಚೀಟಿಗಳ ಕೆಲಸ. ಹಳೆಯ ಕ್ಯಾಲೆಂಡರಿನ ಹಿಂಬದಿ ಇದಕ್ಕೆ ಸಾಕು. ಮೊದಲ ಎರಡು ವಾರಕ್ಕೆ ಕ್ರಿಯಾಪದಕ್ಕೆ ಕ್ರಿಯಾವಿಶೇಷಣ ಸೇರಿದ 12 ಜೋಡಿಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ: ಪಿಕ್ ಅಪ್, ಪುಟ್ ಆನ್, ಪುಟ್ ಡೌನ್, ಟೇಕ್ ಆಫ್, ಟೇಕ್ ಔಟ್, ಟರ್ನ್ ಆನ್, ಸ್ವಿಚ್ ಆಫ್, ಥ್ರೋ ಅವೇ, ಗಿವ್ ಬ್ಯಾಕ್, ಬ್ರಿಂಗ್ ಇನ್, ಫಿಲ್ ಅಪ್, ರೈಟ್ ಡೌನ್. ‘ಪಿಕ್’, ‘ಅಪ್’, ‘ದ ಅಂಬ್ರೆಲಾ’, ‘ಇಟ್’ ಎಂದು ನಾಲ್ಕು ಚೀಟಿ ಮಾಡಿ, ಕೊಡೆಯನ್ನು ನೆಲದ ಮೇಲಿಟ್ಟು, ಹೇಳಿದ್ದನ್ನು ಮಾಡಿಸುತ್ತೇನೆ. ‘ಪಿಕ್ ಅಪ್ ದ ಅಂಬ್ರೆಲಾ’ ಸರಿ. ‘ಪಿಕ್ ದ ಅಂಬ್ರೆಲಾ ಅಪ್’ ಕೂಡ ಸರಿ. ಕೊಡೆಯ ಚೀಟಿ ತೆಗೆದು ‘ಇಟ್’ ಇಟ್ಟರೆ ಮಾತ್ರ ಜಾಗ ಒಂದೇ: ‘ಪಿಕ್ ಇಟ್ ಅಪ್’. ‘ಪಿಕ್ ಅಪ್ ಇಟ್’ ಎಂದು ಇಂಗ್ಲಿಷಿನವರು ಹೇಳುವುದಿಲ್ಲ.

ಇದು ಗಟ್ಟಿಯಾದ ಮೇಲೆಯೇ ಎರಡನೆಯ ಗುಂಪು, ಕ್ರಿಯಾಪದಕ್ಕೆ ಪ್ರಿಪೊಸಿಷನ್ ಸೇರಿದವು: ಲುಕ್ ಆ್ಯಟ್, ಲುಕ್ ಫಾರ್, ಲುಕ್ ಆಫ್ಟರ್, ವೇಟ್ ಫಾರ್, ಲಿಸನ್ ಟು, ಲಾಫ್ ಆ್ಯಟ್. ಇಲ್ಲಿ ಸರ್ವನಾಮ ಕೊನೆಗೇ ಬರಬೇಕು: ‘ಲುಕ್ ಆ್ಯಟ್ ಇಟ್’, ‘ವೇಟ್ ಫಾರ್ ಹರ್’. ಎರಡೂ ಗುಂಪನ್ನು ಒಂದೇ ದಿನ ಹೇಳಿಕೊಟ್ಟರೆ ಮರುದಿನ ‘ಲಿಸನ್ ಮಿ ಟು’ ಕೇಳಬೇಕಾಗುತ್ತದೆ. ನಡುವೆ ಕನಿಷ್ಠ ಒಂದು ವಾರದ ಅಂತರವಿರಲಿ.

ಹೊಸ ಜೋಡಿ ಎದುರಾದಾಗ ಅದು ಯಾವ ಗುಂಪಿನದು ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ಒಂದು ಕಿವಿಯದು: ‘ಟರ್ನ್ ಇಟ್ ಆಫ್’ ಎನ್ನುವಾಗ ಒತ್ತು ‘ಆಫ್’ ಮೇಲೆ ಬೀಳುತ್ತದೆ, ‘ಲುಕ್ ಆ್ಯಟ್ ಇಟ್’ ಎನ್ನುವಾಗ ‘ಲುಕ್’ ಮೇಲೆ ಬಿದ್ದು ‘ಆ್ಯಟ್’ ಅರ್ಧ ನುಂಗಿದ ಹಾಗೆ ಕೇಳುತ್ತದೆ. ಇನ್ನೊಂದು ‘ಕೇರ್‌ಫುಲಿ’ ಪದದ್ದು. ‘ಹಿ ಲುಕ್ಡ್ ಕೇರ್‌ಫುಲಿ ಆ್ಯಟ್ ಇಟ್’ ಎನ್ನಬಹುದು, ಏಕೆಂದರೆ ‘ಆ್ಯಟ್ ಇಟ್’ ಒಂದು ತುಂಡು, ಅದರ ಮುಂದೆ ಸಂದಿ ಇದೆ. ‘ಪಿಕ್ಡ್ ಇಟ್ ಅಪ್’ ಒಳಗೆ ಸಂದಿ ಇಲ್ಲ. ‘ಕೇರ್‌ಫುಲಿ’ ಪೂರ್ತಿ ಹೊರಗೇ ಇರಬೇಕು: ‘ಹಿ ಪಿಕ್ಡ್ ಇಟ್ ಅಪ್ ಕೇರ್‌ಫುಲಿ’ ಅಥವಾ ‘ಹಿ ಕೇರ್‌ಫುಲಿ ಪಿಕ್ಡ್ ಇಟ್ ಅಪ್’. ಅರ್ಥ ನೋಡಿ ಗುಂಪು ನಿರ್ಧರಿಸಲು ಹೊರಟರೆ ದಾರಿ ತಪ್ಪುತ್ತದೆ. ‘ಪುಟ್ ಇಟ್ ಆನ್’, ಆದರೆ ಬಸ್ಸಿನ ವಿಷಯಕ್ಕೆ ‘ಗೆಟ್ ಆನ್ ಇಟ್’. ಪದ ಅದೇ ‘ಆನ್’, ಕೆಲಸ ಬೇರೆ.

ಅತ್ಯಂತ ಹೆಚ್ಚು ತಪ್ಪು ತರುವುದು ನಮ್ಮ ಚತುರ್ಥಿ ವಿಭಕ್ತಿ, ‘ಗೆ’. ‘ಗೆ ಅಂದರೆ ಟು’ ಎಂದು ಒಮ್ಮೆ ಹೇಳಿಕೊಟ್ಟರೆ ಅದನ್ನು ಬಿಡಿಸಲು ಒಂದು ವರ್ಷ ಬೇಕು. ‘ಮಂಗಳೂರಿಗೆ ಹೋಗು’ ಎಂಬುದಕ್ಕೆ ‘ಟು’ ಸರಿ. ‘ಹತ್ತು ಗಂಟೆಗೆ’ ಎಂದರೆ ‘ಆ್ಯಟ್ ಟೆನ್’. ‘ಅವಳಿಗೆ ಕಾಯು’ ಎಂದರೆ ‘ವೇಟ್ ಫಾರ್ ಹರ್’. ‘ನಾಯಿಗೆ ಹೆದರುತ್ತಾನೆ’ ಎಂದರೆ ‘ಅಫ್ರೇಡ್ ಆಫ್ ಇಟ್’. ‘ಅವನಿಗೆ ಹೇಳು’ ಎಂದರೆ ಬರೀ ‘ಟೆಲ್ ಹಿಮ್’. ‘ಮನೆಗೆ ಹೋಗು’ ಎಂದರೆ ‘ಗೋ ಹೋಮ್’. ‘ನನಗೆ ಗೊತ್ತು’ ಎಂಬಲ್ಲಂತೂ ‘ನನಗೆ’ ಹೋಗಿ ‘ಐ’ ಆಗುತ್ತದೆ: ‘ಐ ನೋ’. ಗೋಡೆಯ ಮೇಲೆ ಈ ಏಳು ಸಾಲುಗಳನ್ನು ಬರೆದು ಹಾಕಿದ್ದೇನೆ. ಪಕ್ಕದಲ್ಲಿ ಪ್ರಿಪೊಸಿಷನ್ ಬೇಡದ ಎಂಟು ಕ್ರಿಯಾಪದಗಳು: ಟೆಲ್, ಆಸ್ಕ್, ಆನ್ಸರ್, ರೀಚ್, ಎಂಟರ್, ಡಿಸ್ಕಸ್, ಮ್ಯಾರಿ, ಕಾಲ್. ನಮ್ಮ ಕಡೆ ‘ಅವನ ಹತ್ರ ಕೇಳು’ ಎನ್ನುವುದರಿಂದ ‘ಆಸ್ಕ್ ವಿದ್ ಹಿಮ್’ ಬರುತ್ತದೆ. ಇದು ದಡ್ಡತನವಲ್ಲ, ಕನ್ನಡವನ್ನು ನಿಷ್ಠೆಯಿಂದ ಅನುವಾದಿಸಿದ್ದು. ಹಾಗೆಂದು ಮಗುವಿಗೆ ಹೇಳಿದರೆ ತಿದ್ದಿಕೊಳ್ಳುವುದೂ ಬೇಗ.

‘ಹಿಯರ್’, ‘ದೇರ್’, ‘ಹೋಮ್’ ಪದಗಳ ಮುಂದೆ ‘ಟು’ ಬೇಡ, ‘ಇಲ್ಲಿಗೆ’ಯ ‘ಗೆ’ ಅವುಗಳ ಹೊಟ್ಟೆಯೊಳಗೇ ಇದೆ. ಆದರೆ ‘ಇಲ್ಲಿಂದ’ದ ‘ಇಂದ’ ಇಲ್ಲ, ಆದ್ದರಿಂದ ‘ಫ್ರಮ್ ಹಿಯರ್’ ಎನ್ನಲೇಬೇಕು. ಮೊದಲ ನಿಯಮ ಹೇಳಿ ಎರಡನೆಯದನ್ನು ಬಿಟ್ಟರೆ ‘ಫ್ರಮ್’ ಕೂಡ ಮಾಯವಾಗುತ್ತದೆ.

ಪದಗಳ ಸಾಲಿಗೆ ಕನ್ನಡವೇ ಕನ್ನಡಿ. ‘ನಿನ್ನೆ ಅಲ್ಲಿ ಅವನನ್ನು ಕಂಡೆ’ ಎಂಬುದನ್ನು ಬಲದಿಂದ ಎಡಕ್ಕೆ ಓದಿ, ‘ಕಂಡೆ’ಯೊಳಗಿನ ‘ನಾನು’ವನ್ನು ಹೊರಗೆಳೆದು ಮುಂದಿಟ್ಟರೆ ‘ಐ ಸಾ ಹಿಮ್ ದೇರ್ ಯೆಸ್ಟರ್ಡೆ’. ಬಹುಪಾಲು ಸರಳ ವಾಕ್ಯಗಳಿಗೆ ಇದು ನಡೆಯುತ್ತದೆ. ‘ಆಲ್ವೇಸ್’, ‘ನೆವರ್’, ‘ಆಫನ್’ ಮಾತ್ರ ಇದಕ್ಕೆ ಬಗ್ಗವು: ಅವು ಮುಖ್ಯ ಕ್ರಿಯಾಪದಕ್ಕೆ ಮೊದಲು, ‘ಈಸ್’, ‘ಆರ್’ಗಳಾದ ಮೇಲೆ. ‘ಐ ಆಲ್ವೇಸ್ ಗೋ ವಿದ್ ಹರ್’, ‘ಶಿ ಈಸ್ ಆಲ್ವೇಸ್ ವಿದ್ ಮಿ’.

ಅಭ್ಯಾಸಕ್ಕೆ ಬಸ್ಸು ಚೆನ್ನಾಗಿ ಒದಗುತ್ತದೆ. ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಆಟೋಗೆ ‘ಗೆಟ್ ಇನ್’, ‘ಗೆಟ್ ಔಟ್’. ‘ವಿ ಗಾಟ್ ಆಫ್ ಆ್ಯಟ್ ಕುಂಬಳೆ’ ಎಂಬಲ್ಲಿ ‘ಆಫ್’, ‘ಆ್ಯಟ್’ ಎರಡೂ ಅಕ್ಕಪಕ್ಕ ನಿಂತಿವೆ. ಮಕ್ಕಳು ಒಂದು ಸಾಕೆಂದು ಇನ್ನೊಂದನ್ನು ಬಿಡುತ್ತಾರೆ. ‘ಆಫ್’ ಇಳಿಯುವುದರ ಪಾಲು, ‘ಆ್ಯಟ್’ ಕುಂಬಳೆಯ ಪಾಲು ಎಂದು ಪದಗಳ ಕೆಳಗೆ ಗೆರೆ ಎಳೆಸಿದರೆ ನಿಲ್ಲುತ್ತದೆ.

ಕೊನೆಗೆ ಪ್ರಶ್ನೆಗಳು. ‘ಯಾರಿಗೆ ಕಾಯ್ತಾ ಇದ್ದೀಯ?’ ಎಂಬುದಕ್ಕೆ ‘ಹೂ ಆರ್ ಯು ವೇಟಿಂಗ್?’ ಎಂದು ‘ಫಾರ್’ ಬಿಡುತ್ತಾರೆ, ಏಕೆಂದರೆ ಹಿಡಿದುಕೊಳ್ಳಲು ಪದವಿಲ್ಲದ ಪ್ರಿಪೊಸಿಷನ್ ಅನಾಥವಾಗಿ ಕಾಣುತ್ತದೆ. ಅದಕ್ಕೆ ಪ್ರಶ್ನೆಗಿಂತ ಮೊದಲು ಉತ್ತರ ಬರೆಸುತ್ತೇನೆ: ‘ಐ ಆ್ಯಮ್ ವೇಟಿಂಗ್ ಫಾರ್ ಹರ್’. ‘ಹರ್’ ಮೇಲೆ ಹೆಬ್ಬೆರಳು ಇಡಬೇಕು. ಬೆರಳಿನಡಿಯ ಪದ ಮಾತ್ರ ‘ಹೂ’ ಆಗಿ ಮುಂದಕ್ಕೆ ಹೋಗುತ್ತದೆ, ‘ಫಾರ್’ ಇದ್ದಲ್ಲೇ ಇರುತ್ತದೆ: ‘ಹೂ ಆರ್ ಯು ವೇಟಿಂಗ್ ಫಾರ್?’