ಹಳೇ ಲ್ಯಾಪ್‌ಟಾಪ್ ಮಾರಬ್ಯಾಡ್ರಿ, ಮೊದಲ ಪೆನ್‌ಡ್ರೈವ್‌ನ್ಯಾಗ ಲಿನಕ್ಸ್ ಹಾಕಿ ನೋಡ್ರಿ

ನಮಸ್ಕಾರ್ರಿ. ವಿಂಡೋಸ್ 10ಕ್ಕ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗೀತು. ಟಿಪಿಎಂ 2.0 ಅನ್ನೂ ಭದ್ರತಾ ಸೌಲಭ್ಯ ಇಲ್ಲದ ಹಳೇ ಮಷಿನ್‌ಗೆ ವಿಂಡೋಸ್ 11 ಕೂಡೂದಿಲ್ಲ. ಬಾಗಲಕೋಟಿ ನವನಗರದ ನಮ್ಮ ಮನ್ಯಾಗೂ ಅಂಥಾದ್ದೊಂದು 4 ಜಿಬಿ ರ‍್ಯಾಮಿಂದು ಇತ್ತು. ಲಿನಕ್ಸ್ ಅಂದ್ರ ವಿಂಡೋಸ್ ಬದಲಿ ಹಾಕೂ ಪುಕ್ಕಟೆ ವ್ಯವಸ್ಥಾ; ಅದರಾಗಿನ ಒಂದು ಬಗಿ ಲಿನಕ್ಸ್ ಮಿಂಟ್. ನಾನು ಅದರ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿದೆ. ಯೂಟ್ಯೂಬ್, ವಾಟ್ಸಾಪ್ ವೆಬ್, ಪಹಣಿ ನೋಡೂದು, ಯಾವುದಕ್ಕೂ ತ್ರಾಸಿಲ್ಲ. ನಮ್ಮವ್ವಗ ಬದಲಾಗಿದ್ದ ಗೊತ್ತಾಗ್ಲಿಲ್ಲ. ಮೆನು ಅದ ಎಡಗಡೆ ಕೆಳಗ ಐತಿ ನೋಡ್ರಿ.

ತ್ರಾಸ ಕೊಟ್ಟದ್ದು ಕನ್ನಡ. ಹಳೇ ನುಡಿ, ಬರಹ ಫಾಂಟ್‌ನ್ಯಾಗ ಟೈಪ್ ಮಾಡಿದ ಅರ್ಜಿ ಲಿಬ್ರೆಆಫೀಸ್‌ನ್ಯಾಗ (ವರ್ಡ್ ಇದ್ದಂಗ ಇದು) ತೆಗೆದ್ರ ಅಕ್ಷರ ಇರೂ ಜಾಗಾದಾಗ ಇಂಗ್ಲಿಷ್ ಕಸ! ಹಂಗಾಗಿ ವಿಂಡೋಸ್ ಇರೂಮಟಾನ ಅವನ್ನೆಲ್ಲಾ ಯಾವ ಕಂಪ್ಯೂಟರ್‌ನ್ಯಾಗೂ ಓದಾಕ ಬರೂ ಯೂನಿಕೋಡ್‌ಗೆ ಬದಲಿ ಮಾಡಿಟ್ಟುಕೊಳ್ರಿ. ನಾನು ಮಾಡಿರಲಿಲ್ಲ, ಹದಿನೈದು ಪುಟ ಮತ್ತ ಕುಟ್ಟಿದೆ. ಹೊಸದಾಗಿ ಬರಿಯಾಕ ಕೀಬೋರ್ಡ್ ಸೆಟ್ಟಿಂಗ್‌ನ್ಯಾಗ ಕಗಪ ಫೋನೆಟಿಕ್ ಅನ್ನೂ ಕನ್ನಡ ಕೀಲಿ ಜೋಡಣಿ ಸಿಗ್ತೈತಿ.

ಅಂಗಡ್ಯಾಗ ಟ್ಯಾಲಿ ನಡಸವರು, ಡಿಜಿಟಲ್ ಸಹಿ ಡಾಂಗಲ್ ಹಚ್ಚಿ ಟೆಂಡರ್ ಹಾಕವರು ಇದರ ಗೋಜಿಗೆ ಹೋಗಬ್ಯಾಡ್ರಿ, ನನ್ನ ಮಾತು ಕೇಳ್ರಿ; ಆ ಕೆಲಸಕ್ಕ ಬಹಳ ಮಾಡಿ ವಿಂಡೋಸ್ ಬೇಕಾಗ್ತೈತಿ.

ಉಳಿದವರು 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಬರ್ದು, ಅದರಿಂದನ ಚಾಲೂ ಮಾಡ್ರಿ. ಅದನ್ನ ತಯಾರು ಮಾಡೂಮುಂದ ಪೆನ್‌ಡ್ರೈವ್ ಪೂರಾ ಅಳಿಸಿ ಹೋಗ್ತೈತಿ, ಲಕ್ಷ್ಯ ಇರ್ಲಿ. ‘ಇನ್‌ಸ್ಟಾಲ್’ ಒತ್ತೂತನಕ ಒಳಗಿನ ವಿಂಡೋಸ್‌ಗೆ ಏನೂ ಆಗೂದಿಲ್ಲ. ಒಂದು ತಾಸು ಕುಂತು ವೈಫೈ, ಸೌಂಡು, ಮುಖ್ಯ ಅಂದ್ರ ಪ್ರಿಂಟರ್ ನಡೀತಾವೋ ಇಲ್ಲೋ ನೋಡ್ರಿ. ನಮ್ಮ ಪ್ರಿಂಟರ್ ಎರಡು ದಿನ ಸತಾಯಿಸ್ತು. ‘ಇನ್‌ಸ್ಟಾಲ್’ ಒತ್ತೂ ಮೊದಲ ಫೋಟೋ, ಕಾಗದಪತ್ರ ಬ್ಯಾರೆ ಕಡೆ ತಗದಿಡ್ರಿ.