ರೆಸ್ಯೂಮೆ ಕಳಿಸುವ ಮುನ್ನ

ವಸಂತನರಸಾಪುರದ ಫ್ಯಾಕ್ಟರಿಗಳಿಗೆ ಅರ್ಜಿ ಹಾಕುವ ತುಮಕೂರಿನ ಹುಡುಗ ಹುಡುಗಿಯರಿಗೆ ಒಂದು ಮಾತು. ಜೆರಾಕ್ಸ್ ಅಂಗಡಿಯ ಹಳೇ ಫೈಲಿನಲ್ಲಿ ಹೆಸರು ಬದಲಿಸಿ ಪ್ರಿಂಟ್ ತೆಗೆಯಬೇಡಿ. ನನ್ನ ಮೊದಲ ರೆಸ್ಯೂಮೆಯಲ್ಲಿ ಬೇರೆ ಯಾರದೋ ಅಪ್ಪನ ಹೆಸರು ಉಳಿದುಬಿಟ್ಟಿತ್ತು! ಅಪ್ಪನ ಹೆಸರು, ಜಾತಿ, ಧರ್ಮ ಯಾವುದೂ ಅದರಲ್ಲಿ ಬೇಕಾಗಿಲ್ಲ ಬಿಡಿ.

ಹೊಸಬರಿಗೆ ಒಂದೇ ಪುಟ ಸಾಕು. ಒಂದೇ ಫಾಂಟ್, ಸೈಜ್ 11. ಇಸವಿಗಳನ್ನು ಬಲಕ್ಕೆ ತಳ್ಳಲು ಸ್ಪೇಸ್ ಬಾರ್ ಒತ್ತುತ್ತಾ ಕೂರಬೇಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಸಾಲೆಲ್ಲ ಸೊಟ್ಟಗಾಗುತ್ತದೆ. ವರ್ಡ್‌ನಲ್ಲಿ ಪುಟದ ಮೇಲಿರುವ ಅಳತೆಪಟ್ಟಿ, ಅಂದರೆ ರೂಲರ್ ಮೇಲೆ ರೈಟ್ ಟ್ಯಾಬ್ (ಅಕ್ಷರಗಳನ್ನು ಬಲಕ್ಕೆ ಸಾಲಾಗಿ ನಿಲ್ಲಿಸುವ ಗುರುತು) ಇಟ್ಟು, ಟ್ಯಾಬ್ ಕೀ ಒಂದು ಸಲ ಒತ್ತಿದರೆ ಮುಗಿಯಿತು.

'ಹಾರ್ಡ್ ವರ್ಕರ್' ಅಂತ ಎಲ್ಲರೂ ಬರೆಯುತ್ತಾರೆ, ಸುಮ್ನೆ ಜಾಗ ದಂಡ. ಅದರ ಬದಲು ಐಟಿಐಯಲ್ಲಿ ಯಾವ ಮಷೀನ್ ಓಡಿಸಿದಿರಿ ಅಂತ ಹಾಕಿ. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರೇ ಇಡಿ. 'ನ್ಯೂ ಫೈನಲ್ 2' ಅಲ್ಲ.